ದೊರೆಸಾನಿ ಕತ್ತರಿಸಿದ ಸೀರೆ

ಆ ಊರಿನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಇಟಲಿಯ ಮಾತೆತ್ತಿದರೆ ನನ್ನ ಮುಖ ಗಂಟಿಕ್ಕುತ್ತದೆ. ಕೇಳಿದವರು ಆ ದೇಶದ ಜನವೇ ನನಗೆ ಏನೋ ಮಾಡಿರಬೇಕು ಅಂದುಕೊಳ್ಳುತ್ತಾರೆ. ಊರು ಪಾಪ ಏನೂ ಮಾಡಲಿಲ್ಲ. ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಇನ್ನೂರು ಮನೆಗಳ ಊರು ಅದು. ಮಧ್ಯಾಹ್ನವಾದರೆ ಕಿಟಕಿಗಳ ಹಲಗೆ ಎಳೆದುಕೊಂಡು ಬೆಕ್ಕು ನಾಯಿ ಸಮೇತ ಮಲಗುತ್ತಿತ್ತು. ಸಿಟ್ಟಿರುವುದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳ ಮೇಲೆ. ಇಷ್ಟು ವರ್ಷವಾದರೂ ಅದು ಇಳಿದಿಲ್ಲ, ಇಳಿಯಬೇಕೆಂದು ನಾನೂ ಬಯಸಿಲ್ಲ.

ನಾವು ಮೊಳಕಾಲ್ಮೂರಿನ ನೇಕಾರರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅಪ್ಪನ ಮಗ್ಗ ನಡುಮನೆಯ ಕುಣಿಯಲ್ಲಿತ್ತು. ನಮ್ಮ ಕಡೆಯ ರೇಷ್ಮೆ ಸೀರೆಯ ಒಡಲು ಒಂದು ಬಣ್ಣವಾದರೆ ಅಂಚು ಇನ್ನೊಂದು ಬಣ್ಣ. ಎರಡಕ್ಕೂ ಬೇರೆ ಬೇರೆ ಲಾಳಿ. ಒಡಲಿನ ಎಳೆಯೂ ಅಂಚಿನ ಎಳೆಯೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂಡುತ್ತಾ ಹೋಗಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಆ ಪಕ್ಕದ ಅಂಚಿಗೆ ಇನ್ನೊಬ್ಬರು ಕೂರಬೇಕು. ನಮ್ಮ ಮನೆಯಲ್ಲಿ ಎಂಟನೇ ವಯಸ್ಸಿನಿಂದ ಹಾಗೆ ಕೂತವಳು ನಾನು. ನನ್ನ ಮದುವೆಯ ಸೀರೆಯನ್ನೂ ನಾವಿಬ್ಬರೇ ನೇಯ್ದೆವು. ಒಡಲು ನೇರಳೆ, ಅಂಚು ಅರಿಸಿನ, ಅಂಚಿನ ತುಂಬ ಗಿಳಿಗಳು. ಅಣ್ಣ ಕೂಲಿಮಠದಲ್ಲಿ ಪಾಠ ಮುಗಿಸಿ ಬಂದು ಮರಳಿನ ಮೇಲೆ ತಿದ್ದುತ್ತಿದ್ದ ಅಕ್ಷರಗಳನ್ನು ನಾನು ಲಾಳಿ ಎಸೆಯುತ್ತಲೇ ನೋಡಿ ಕಲಿತೆ. ಯಾರೂ ಕಲಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಮದುವೆಯಾಗಿ ಚಳ್ಳಕೆರೆಗೆ ಹೋದೆ. ನಾಲ್ಕು ವರ್ಷಕ್ಕೆ ಗಂಡ ಪ್ಲೇಗಿನಲ್ಲಿ ಹೋದರು. ಕೈಗೂಸು ಎರಡು ತಿಂಗಳ ನಂತರ ಜ್ವರದಲ್ಲಿ ಹೋಯಿತು. ತವರಿಗೆ, ಅಪ್ಪ ಅವ್ವನ ಬಳಿಗೆ ಬಂದೆ. ಸೀರೆಯನ್ನು ಮಡಿಸಿ ತಗಡಿನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ವಿಧವೆಗೆ ಅದನ್ನು ಉಡುವ ಹಕ್ಕಿರಲಿಲ್ಲ.

ಆಗ ಕೆರೆಗಳನ್ನು ನೋಡಿಕೊಳ್ಳುವ ಒಬ್ಬ ಇಂಜಿನಿಯರ್ ದೊರೆ ಚಳ್ಳಕೆರೆಯ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಅವರ ಹೆಂಡತಿಗೆ ಸೀರೆ ತೋರಿಸಲು ಅಪ್ಪ ಗಂಟು ಹೊತ್ತು ಹೊರಟರು. ಮಡಿಕೆ ಬಿಚ್ಚಿ ತೋರಿಸಲು ಹೆಣ್ಣುಮಕ್ಕಳಿದ್ದರೆ ಒಳ್ಳೆಯದೆಂದು ನನ್ನನ್ನೂ ಕರೆದರು. ದೊರೆಸಾನಿ ಜಗುಲಿಯ ಕುರ್ಚಿಯಲ್ಲಿ ಕೂತಿದ್ದಳು. ಒಳಗಿನ ಕೋಣೆಯಲ್ಲಿ ಐದು ತಿಂಗಳ ಹೆಣ್ಣುಕೂಸು ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಒಬ್ಬರೂ ಎತ್ತಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಹೋಗಿ ಎತ್ತಿಕೊಂಡೆ. ಅದು ನನ್ನ ಕುತ್ತಿಗೆಗೆ ಮುಖ ಒತ್ತಿ ನಿದ್ದೆ ಹೋಯಿತು. ದೊರೆಸಾನಿ ಬಟ್ಲರನ ಮೂಲಕ ಅಪ್ಪನನ್ನು ಕೇಳಿದಳು, ಕೈಯನ್ನೇ ಮುಗಿದು ಕೇಳಿದಳು: ನಿಮ್ಮ ಮಗಳನ್ನು ನನ್ನ ಮಗುವಿಗಾಗಿ ಕಳಿಸಿ.

ಅಪ್ಪ ಮನೆಗೆ ಬಂದ ಮೇಲೆ, “ಅಮ್ಮಾಯಿ, ನಿಂಗೆ ಮನಸೈತಾ?” ಎಂದರು.

“ಐತೆ,” ಅಂದೆ.

“ಹಂಗಾದ್ರೆ ಹೋಗು. ಜನ ಏನಾರ ಅಂತಾರೆ. ನಾನು ಕೇಳಿಸ್ಕಂತೀನಿ.”

ಇದು ನಡೆದದ್ದು. ಇದಿಷ್ಟೇ. ಅಪ್ಪನ ಮುಖ ನೋಡಿ, ಅಪ್ಪನ ಕೈಯಲ್ಲಿದ್ದ ಸೀರೆ ಮುಟ್ಟಿ ನೋಡಿ, ಬೇಡಿಕೊಂಡು ನನ್ನನ್ನು ಕರೆದುಕೊಂಡು ಹೋದವಳು ಅವಳು. ನೆನಪಿಟ್ಟುಕೊಳ್ಳಿ.

ಮಗು ನನ್ನ ಕೈಯಲ್ಲಿ ಬೆಳೆಯಿತು. ಮಾತು ಕಲಿತದ್ದು ನನ್ನ ಮಾತನ್ನೇ. ಅದಕ್ಕೆ ನಾಲ್ಕು ತುಂಬುವ ಹೊತ್ತಿಗೆ ದೊರೆಸಾನಿಗೆ ಕೆಮ್ಮು ಹತ್ತಿತು. ಚಳ್ಳಕೆರೆಯ ಧೂಳು ಆಗದು, ಇಟಲಿಯ ಗುಡ್ಡದ ಊರಿನಲ್ಲಿ ಒಂದು ವರ್ಷ ಇದ್ದು ಬರಲಿ ಎಂದು ಡಾಕ್ಟರು ಹೇಳಿದರು. ದೊರೆ ಕೆಲಸ ಬಿಟ್ಟು ಬರುವಂತಿರಲಿಲ್ಲ. ಮಗು ನನ್ನ ಸೆರಗು ಬಿಡಲಿಲ್ಲ. ಹೀಗೆ ನಾನು ಆ ತಗಡಿನ ಪೆಟ್ಟಿಗೆ ಹೊತ್ತು ಗಾಡಿ ಹತ್ತಿ, ರೈಲು ಹತ್ತಿ, ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಹಡಗಿನಲ್ಲಿ ಹನ್ನೆರಡು ದಿನ ವಾಂತಿ ಮಾಡಿಕೊಂಡವಳು ದೊರೆಸಾನಿ. ಬಕೆಟ್ಟು ಹಿಡಿದವಳು ನಾನು.

ಊರು ತಲುಪಿದಾಗ ದ್ರಾಕ್ಷಿ ಕೊಯ್ಲು ಮುಗಿದಿತ್ತು. ಕಲ್ಲು ಹಾಸಿದ ಕಿರಿದಾದ ಓಣಿಗಳು. ನಡುವೆ ಒಂದು ಕಲ್ಲಿನ ತೊಟ್ಟಿ. ಅಲ್ಲಿಗೆ ಬೆಟ್ಟದ ನೀರು ಹಗಲೂ ರಾತ್ರಿ ಸುರಿಯುತ್ತಿತ್ತು. ಚಳ್ಳಕೆರೆ ಪಕ್ಕದ ಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಕುರಿ ಕಾಯುವವರು ಒಂದು ಕೊಡ ನೀರಿಗೆ ಎಷ್ಟು ದೂರ ನಡೆಯುತ್ತಾರೆಂದು ಕಂಡಿದ್ದ ನನಗೆ, ನೀರು ಹಾಗೆ ತನ್ನಷ್ಟಕ್ಕೆ ಹರಿದು ಹೋಗುವುದನ್ನು ನೋಡುತ್ತಾ ನಿಲ್ಲಲು ಮೊದಮೊದಲು ಸಂಕಟವಾಗುತ್ತಿತ್ತು. ಹೆಂಗಸರು ಅಲ್ಲಿ ಮೊಣಕಾಲೂರಿ ಬಟ್ಟೆ ಒಗೆಯುತ್ತಿದ್ದರು. ಮೊದಲ ದಿನ ನನ್ನನ್ನು ಕಂಡು ಎಲ್ಲರೂ ಕೈ ನಿಲ್ಲಿಸಿದರು. ಎರಡನೇ ದಿನ ಒಬ್ಬಳು ಸರಿದು ಜಾಗ ಬಿಟ್ಟಳು. ಮೂರನೇ ದಿನದಿಂದ ಅದು ನನ್ನ ಜಾಗವಾಯಿತು.

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯ ಯಜಮಾನಿ ಮುದುಕಿ ಇದ್ದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಒಂದು ದಿನ ಅವಳು ನನ್ನ ಬಿಳಿ ಸೀರೆಯನ್ನೂ ಬರಿಯ ಕೈಗಳನ್ನೂ ತೋರಿಸಿ ಏನೋ ಕೇಳಿದಳು. ನಾನು ಆಕಾಶ ತೋರಿಸಿದೆ. ಅವಳು ತನ್ನ ಕಪ್ಪು ಲಂಗ ಹಿಡಿದು ತಾನೂ ಆಕಾಶ ತೋರಿಸಿದಳು. ಅಲ್ಲೂ ಗಂಡ ಸತ್ತವಳಿಗೆ ಬಣ್ಣವಿಲ್ಲ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತೋ ಏನೋ, ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಬಂದರೂ ಇದೇ ಪಾಡೇ!

ಅವಳು ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ತಿರುವಿ ತಿರುವಿ, ಹಲಗೆಯ ಮೇಲೆ ಕವುಚಿ, ದಾರದಿಂದ ಕೊಯ್ದು ಕೊಡುತ್ತಿದ್ದಳು. ನಮ್ಮ ಮುದ್ದೆಯೇ, ಬಣ್ಣ ಮಾತ್ರ ಹಳದಿ. ಮಗು ನಮ್ಮಿಬ್ಬರ ನಡುವೆ ದುಭಾಷಿ. ಮೂರು ತಿಂಗಳಿಗೆ ಅದು ಅಲ್ಲಿಯ ಮಾತನ್ನೂ ಪಟಪಟ ಆಡುತ್ತಿತ್ತು.

ಮೇಲೆ ದೊರೆಸಾನಿಯ ಮನೆಯಲ್ಲಿ ವಾರಕ್ಕೊಂದು ಸಂಜೆ ಟೀ. ಆ ಊರಿನಲ್ಲಿ ಹವೆಗೆಂದು ಬಂದು ನೆಲೆಸಿದ ಇಂಗ್ಲಿಷರು ನಾಲ್ಕೈದು ಮಂದಿ: ಪಿಂಚಣಿಯ ಒಬ್ಬ ಮೇಜರು, ಮದುವೆಯಾಗದ ಇಬ್ಬರು ಮುದಿ ಅಕ್ಕತಂಗಿಯರು, ಚಿತ್ರ ಬರೆಯುವ ಒಬ್ಬಾಕೆ. ನಾನು ತಟ್ಟೆ ಹಿಡಿದು ಓಡಾಡುತ್ತಿದ್ದೆ. ನಾಲ್ಕು ವರ್ಷ ಇಂಗ್ಲಿಷಿನ ಮಧ್ಯೆ ಬದುಕಿದವಳಿಗೆ ಇಂಗ್ಲಿಷ್ ಬರದೆ ಇರುತ್ತದೆಯೇ? ಆದರೆ ದೊರೆಸಾನಿಯ ಲೆಕ್ಕದಲ್ಲಿ ನನಗೆ ಬರುತ್ತಿದ್ದುದು ಬಿಸಿನೀರು, ಹಾಲು, ಬಾಗಿಲು ಹಾಕು, ಇಷ್ಟೇ.

ಹಾಗಾಗಿ ಅವಳು ನನ್ನ ಮುಂದೆಯೇ ನನ್ನ ಕಥೆ ಹೇಳಿದಳು. ಒಂದು ದಿನ, ನನ್ನನ್ನು ಗಂಡನ ಚಿತೆಗೆ ಎಳೆದುಕೊಂಡು ಹೋಗುತ್ತಿದ್ದರಂತೆ, ದೊರೆ ಕುದುರೆ ಏರಿ ಬಂದು ಬಿಡಿಸಿದರಂತೆ. ಅಕ್ಕತಂಗಿಯರು ಬಾಯಿಗೆ ಕರವಸ್ತ್ರ ಹಿಡಿದು ನನ್ನನ್ನೇ ನೋಡಿದರು.  ನಮ್ಮ ಕುಲದಲ್ಲಿ ಹೆಣ ಸುಡುವುದೇ ಇಲ್ಲ! ಹೂಳುತ್ತೇವೆ. ನನ್ನ ಗಂಡ ಚಳ್ಳಕೆರೆಯ ಮಣ್ಣಿನಲ್ಲಿದ್ದಾರೆ. ಚಿತೆ ಎಲ್ಲಿಂದ ಬಂತು, ಕುದುರೆ ಎಲ್ಲಿಂದ ಬಂತು? ಇನ್ನೊಂದು ದಿನ, ನನಗೆ ಅಕ್ಷರ ಕಲಿಸಿದವಳು ತಾನೇ ಅಂದಳು. ಅವಳಿಗೆ ಕನ್ನಡದಲ್ಲಿ ‘ಅ’ ಬರೆಯಲು ಬರುತ್ತಿರಲಿಲ್ಲ.

ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಮಗುವಿನ ಮುಖ ನೋಡಿ ಸುಮ್ಮನಿದ್ದೆ ಅನ್ನಬಹುದು. ಹೆದರಿ ಸುಮ್ಮನಿದ್ದೆ ಅನ್ನುವುದು ಹೆಚ್ಚು ನಿಜ. ಕಾಣದ ದೇಶದಲ್ಲಿ ಓಣಿಯಾಚೆ ನನಗೆ ದಾರಿ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಮಗು ಕೇಳಿತು: “ಆಯಾ, ನಿನ್ನ ಬೆಂಕಿಗೆ ಹಾಕಾಕೆ ಹೋಗಿದ್ರಂತೆ?”

“ಯಾರು ಹೇಳಿದ್ರು?”

“ಮಮ್ಮಾ. ನಿಮ್ಮಪ್ಪನೇ ಕೊಳ್ಳಿ ಹಿಡ್ಕಂಡಿದ್ನಂತೆ.”

 ನನ್ನನ್ನು ಕಳಿಸುವಾಗ ಜನರ ಮಾತನ್ನು ತಾನು ಕೇಳಿಸಿಕೊಳ್ಳುತ್ತೇನೆ ಎಂದ ಅಪ್ಪ! “ಸುಳ್ಳು ಕಣವ್ವಾ,” ಅಂದೆ. “ನಮ್ಮಪ್ಪ ಕೊಳ್ಳಿ ಹಿಡಿಯೋನಲ್ಲ, ಲಾಳಿ ಹಿಡಿಯೋನು.”

“ಹಂಗಾದ್ರೆ ಮಮ್ಮಾ ಸುಳ್ಳು ಹೇಳ್ತಾಳಾ?”

 ಜಡೆ ಬಿಗಿದು ಹೆಣೆದೆ. ಮಗು “ನೋಯ್ತೈತೆ” ಎಂದು ಕೂಗಿತು.

ಚಳಿಗಾಲ ಕಳೆಯಿತು. ಬಟ್ಟೆ ಒಗೆದು ತಂದ ಒಂದು ಮಧ್ಯಾಹ್ನ ನನ್ನ ಕೋಣೆಗೆ ಹೋದರೆ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ತೆಗೆದು ನೋಡಿದೆ. ಸೀರೆ ಇಲ್ಲ. ಓಡಿಹೋಗಿ ದೊರೆಸಾನಿಯನ್ನು ಕೇಳಿದೆ. ಅವಳು ಕಾಗದ ಬರೆಯುತ್ತಿದ್ದಳು. ತಲೆ ಎತ್ತದೆ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: “ನೀನು ಉಡೋದಿಲ್ಲ. ನಿಮ್ಮ ಜನ ಉಡೋಕೆ ಬಿಡೋದಿಲ್ಲ. ಪೆಟ್ಟಿಗೆಯಲ್ಲಿ ಹುಳ ತಿಂತದೆ. ನಾನು ಚೆಂದ ಮಾಡಿಸ್ತೀನಿ.”

ಊರಿನ ದರ್ಜಿ ಹೆಂಗಸಿಗೆ ಹಿಂದಿನ ವಾರವೇ ಕೊಟ್ಟಿದ್ದಳು. ನಾನು ಆ ಮನೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೇರಳೆ ಒಡಲು ಸಂಜೆಯ ಹೊತ್ತು ತೊಡುವ ನಿಲುವಂಗಿಯಾಗಿತ್ತು. ಗಿಳಿಯ ಅಂಚು ನಾಲ್ಕು ದಿಂಬುಗಳ ಸುತ್ತ ಓಡಿತ್ತು. ನೆಲದ ಮೇಲೆ ತುಂಡುಗಳು ಬಿದ್ದಿದ್ದವು. ಆ ಹೆಂಗಸಿಗೆ ಏನು ಗೊತ್ತು, ನನ್ನ ಮುಖ ನೋಡಿ ಗಾಬರಿಯಾಗಿ ಕುರ್ಚಿ ಎಳೆದು ಕೊಟ್ಟಳು. ನಾನು ನೆಲದಲ್ಲೇ ಕೂತು ತುಂಡುಗಳನ್ನು ಮಡಿಲಿಗೆ ಹಾಕಿಕೊಂಡೆ.

ಮನೆಗೆ ಬಂದು ಕೆಳಗಿನ ಮುದುಕಿಗೆ ತೋರಿಸಿದೆ. ಪ್ರತಿ ವರ್ಷ ಮನೆಯಲ್ಲೇ ರೇಷ್ಮೆ ಹುಳ ಸಾಕಿದವಳು ಅವಳು. ಹರೆಯದಲ್ಲಿ ಬಿಸಿನೀರಿನ ಬಾನಿಯ ಮುಂದೆ ಕೂತು ಗೂಡಿನಿಂದ ನೂಲು ತೆಗೆದು ಬೆರಳಿನ ತುದಿಯ ಚರ್ಮವೆಲ್ಲ ಬೆಂದುಹೋಗಿತ್ತು. ತುಂಡನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಒಡಲೂ ಅಂಚೂ ಕೂಡಿದ ಕಡೆ ಉಗುರು ಆಡಿಸಿದಳು. ನಾನು ಗಾಳಿಯಲ್ಲೇ ಲಾಳಿ ಎಸೆದು ತೋರಿಸಿ, ನನ್ನ ಎದೆ ಮುಟ್ಟಿಕೊಂಡೆ. ಅವಳಿಗೆ ಅರ್ಥವಾಯಿತು. ದಡದಡ ಮೆಟ್ಟಿಲು ಹತ್ತಿ ಹೋದಳು. ಮೇಲೆ ಅವಳ ದನಿ ಏರಿದ್ದು ಓಣಿಗೆಲ್ಲ ಕೇಳಿತು. ಕಿಟಕಿಯ ಹಲಗೆಗಳು ಒಂದೊಂದಾಗಿ ತೆರೆದವು.

ಮಗು ಇಳಿದು ಬಂದಾಗ, “ಅಜ್ಜಿ ಏನಂದ್ಲು?” ಎಂದು ಕೇಳಿದೆ.

“ಕಳ್ಳಿ ಅಂದ್ಲು,” ಎಂದು ಮಗು ಪಿಸುಗುಟ್ಟಿತು. “ನಮ್ಮ ಮಮ್ಮಾನ್ನ.”

ಆ ವಾರದ ಟೀಗೆ ದೊರೆಸಾನಿ ನಿಲುವಂಗಿ ತೊಟ್ಟೇ ಬಂದಳು. ದಿಂಬುಗಳು ಸೋಫಾದ ಮೇಲಿದ್ದವು. ಚಿತ್ರದಾಕೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಗಿಳಿಗಳನ್ನು ಹೊಗಳಿದಳು. ದೊರೆಸಾನಿ ನನ್ನತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು: “ಪಾಪ, ಅವಳನ್ನು ಚಿತೆಗೆ ಕರೆದೊಯ್ಯುವಾಗ ಉಡಿಸಿದ್ದ ಸೀರೆ ಇದು. ಅದನ್ನು ನೋಡಿದರೆ ಅವಳಿಗೆ ಭಯ. ತಾನೇ ನನಗೆ ಕೊಟ್ಟಳು.”

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ನನ್ನ ಇಂಗ್ಲಿಷ್ ಹೇಗಿತ್ತೋ, ವ್ಯಾಕರಣ ದೇವರಿಗೇ ಪ್ರೀತಿ. ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ: “ಮೇಡಂ ಹೇಳುವುದು ಸುಳ್ಳು.”

ಮೇಜರು ನಕ್ಕುಬಿಟ್ಟ, ನಾಯಿ ಮಾತಾಡಿದ್ದನ್ನು ಕೇಳಿದವನ ಹಾಗೆ. ದೊರೆಸಾನಿಯ ಕುತ್ತಿಗೆ ಕೆಂಪಾಯಿತು. “ಹೊರಗೆ ಹೋಗು,” ಎಂದಳು.

ಅಕ್ಕತಂಗಿಯರಲ್ಲಿ ದೊಡ್ಡವಳು ಕೈ ಎತ್ತಿದಳು. “ಇರಲಿ,” ಅಂದು ನನ್ನನ್ನು ನೋಡಿದಳು. “ನಿಜ ಏನು? ಹೇಳು.”

ಹೇಳಿದೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ ಅಂದೆ. ಈ ಸೀರೆ ನೇಯ್ದವರು ನನ್ನ ಅಪ್ಪ, ಈ ಗಿಳಿಗಳು ನನ್ನ ಕೈಯವು ಅಂದೆ. ಮೇಡಂ ನನ್ನ ಅಪ್ಪನನ್ನು ಕಂಡಿದ್ದಾರೆ, ಕೈ ಮುಗಿದು ನನ್ನನ್ನು ಕೇಳಿಕೊಂಡಿದ್ದಾರೆ ಅಂದೆ. “ನಾನು ಕೊಡಲಿಲ್ಲ. ನನ್ನ ಪೆಟ್ಟಿಗೆ ಬಿಚ್ಚಿ ತೆಗೆದುಕೊಂಡರು.”

 ಚಿತ್ರದಾಕೆ ತೊಡೆಯ ಮೇಲಿದ್ದ ದಿಂಬನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ದೊರೆಸಾನಿ ಒಂದು ಮಾತನ್ನು ಮಾತ್ರ ಆಡಿದಳು, ಅದೂ ನನಗಲ್ಲ, ಅವರಿಗೆ: “ನೋಡಿದಿರಾ, ಎಷ್ಟು ಮಾಡಿದರೂ ಇವರಿಗೆ ಉಪಕಾರ ಸ್ಮರಣೆ ಇಲ್ಲ.”

ಉಪಕಾರ! ನಾಲ್ಕು ವರ್ಷ ಅವಳ ಮಗುವನ್ನು ಎದೆಗೆ ಅವುಚಿಕೊಂಡು ಮಲಗಿದವಳು ನಾನು. ಅವಳ ವಾಂತಿ ಬಳಿದವಳು ನಾನು. ಉಪಕಾರ ಯಾರದು, ಸ್ಮರಣೆ ಯಾರಿಗಿರಬೇಕಿತ್ತು?

ಅಂದೇ ಪೆಟ್ಟಿಗೆ ಹೊತ್ತು ಕೆಳಗಿಳಿದೆ. ಮುದುಕಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹುಲ್ಲಿನ ಹಾಸಿಗೆ ಹಾಸಿಕೊಟ್ಟಳು. ಆಗ ಹಿಪ್ಪುನೇರಳೆ ಚಿಗುರುವ ಕಾಲ. ಅವಳು ಹುಳದ ಮೊಟ್ಟೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಬೆಚ್ಚಗಿರಲೆಂದು ರವಿಕೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ಮರಿಯಾದ ಮೇಲೆ ಮನೆಯೆಲ್ಲ ತಟ್ಟೆಗಳು. ನಾನು ಸೊಪ್ಪು ಕಿತ್ತು ತಂದೆ, ಸಣ್ಣಗೆ ಹೆಚ್ಚಿ ಹಾಕಿದೆ, ಕಸ ಬಳಿದೆ. ರೇಷ್ಮೆಯನ್ನು ನೂಲಾದ ಮೇಲಷ್ಟೇ ಕಂಡಿದ್ದವಳಿಗೆ ಅದು ಬಾಯಿ ಆಡಿಸುವುದನ್ನು ಕೇಳುವುದೇ ಒಂದು ಹೊಸತು. ಸಾವಿರ ಬಾಯಿ ಒಟ್ಟಿಗೆ ಸೊಪ್ಪು ಮೇಯುವ ಸದ್ದು, ಒಣಗಿದ ಹುಲ್ಲಿನ ಮೇಲೆ ಹನಿ ಬಿದ್ದಂತೆ. ಆ ಒಂದೂವರೆ ತಿಂಗಳು ನಾನು ಯಾರ ಆಳೂ ಆಗಿರಲಿಲ್ಲ. ತೊಟ್ಟಿಯ ಬಳಿಯ ಹೆಂಗಸರು ಬ್ರೆಡ್ಡು, ಈರುಳ್ಳಿ ತಂದು ಇಟ್ಟು ಹೋಗುತ್ತಿದ್ದರು.

ಮೇಲೆ ಮಗು ಅಳುವುದು ಮಾತ್ರ ಹಲಗೆಯ ಚಾವಣಿಯ ಮೂಲಕ ಕೇಳುತ್ತಿತ್ತು. ಹತ್ತನೇ ದಿನ ದೊರೆಸಾನಿ ಇಳಿದು ಬಂದಳು. ಬಾಗಿಲಲ್ಲೇ ನಿಂತು, “ಮಗು ಊಟ ಮಾಡ್ತಿಲ್ಲ. ಬಾ. ಹೊಸ ಬಟ್ಟೆ ಕೊಡಿಸ್ತೀನಿ,” ಅಂದಳು.

“ಬಟ್ಟೆ ಬ್ಯಾಡ್ರಿ,” ಅಂದೆ. “ಅವತ್ತು ಕೂತಿದ್ರಲ್ಲ, ಆ ಜನದ ಮುಂದೆ ಒಂದ್ಸಾರಿ ನಿಜ ಹೇಳ್ರಿ. ಈಗ್ಲೇ ಬರ್ತೀನಿ.”

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ತನ್ನ ಮಗು ಹಸಿದಿರಲಿ ಅಂದುಕೊಂಡಳೇ ಹೊರತು ಒಂದು ಸುಳ್ಳನ್ನು ಬಿಡಲು ಅವಳಿಗೆ ಆಗಲಿಲ್ಲ.

ನಾನೂ ಹೋಗಬಹುದಿತ್ತು, ಮಗುವಿಗಾಗಿ. ಹೋಗಲಿಲ್ಲ. ಇದನ್ನು ಹೇಳದೆ ಬಿಟ್ಟರೆ ನಾನೂ ಅವಳಂತೆಯೇ ಕಥೆ ಕಟ್ಟಿದವಳಾಗುತ್ತೇನೆ.

ಅಕ್ಕತಂಗಿಯರಲ್ಲಿ ದೊಡ್ಡವಳು ಹಿಂದೂಸ್ಥಾನಕ್ಕೆ ಹೊರಟ ಒಂದು ಸಂಸಾರವನ್ನು ಹುಡುಕಿದಳು. ಹಡಗಿನಲ್ಲಿ ಅವರ ಕೂಸುಗಳನ್ನು ನೋಡಿಕೊಳ್ಳಲು ಹೆಂಗಸು ಬೇಕಿತ್ತು. ಹೊರಡುವ ಬೆಳಿಗ್ಗೆ ಮಗು ರಾತ್ರಿಯ ಅಂಗಿಯಲ್ಲೇ ಓಣಿಗೆ ಓಡಿಬಂದು ಗಾಡಿಯ ಗಾಲಿ ಹಿಡಿದುಕೊಂಡಿತು. “ಹೋಗ್ತೀಯಾ?” ಎಂದು ಕೇಳಿತು. ಅಳಲಿಲ್ಲ. ನಾನು “ಹ್ಞೂ” ಅಂದೆ. ಮುದುಕಿ ಬೆಂದ ಬೆರಳುಗಳಿಂದ ಅದರ ಕೈ ಬಿಡಿಸಿದಳು. ಆ ಮಗುವಿಗೆ ಈಗ ಒಂದು ಕನ್ನಡ ಮಾತಾದರೂ ನೆನಪಿದೆಯೋ ಇಲ್ಲವೋ ನನಗೆ ತಿಳಿಯದು. ಆಮೇಲೆ ಅವರ ಸುದ್ದಿ ನನ್ನವರೆಗೆ ಬರಲಿಲ್ಲ.

ಮೊಳಕಾಲ್ಮೂರಿಗೆ ಬಂದು ಅಪ್ಪನ ಮುಂದೆ ತುಂಡುಗಳನ್ನು ಹರಡಿ ಎಲ್ಲ ಹೇಳಿದೆ. ಅವರು ಕತ್ತರಿ ಆಡಿದ ಕಡೆ ಹೆಬ್ಬೆಟ್ಟಿನಿಂದ ಒತ್ತಿ ನೋಡಿದರು.

“ಕತ್ತರಿಸಿದಾಗ ಅಂಚು ಒಡಲು ಬಿಟ್ಕಂಡ್ವಾ?”

“ಇಲ್ಲಪ್ಪ.”

“ಬಿಟ್ಕಂಬಾದಿಲ್ಲ,” ಅಂದರು, ತೃಪ್ತಿಯಿಂದ.

ನನಗೆ ರೇಗಿತು. “ನಿನ್ನ ಮಗಳನ್ನ ಸುಡಾಕೆ ಹೋಗಿದ್ದೆ ಅಂತ ಊರೆಲ್ಲ ಹೇಳ್ಯಾಳೆ. ನೀನು ಕೊಂಡಿ ನೋಡ್ತೀಯಲ್ಲ!”

ಅಪ್ಪ ತುಂಡನ್ನು ಕೆಳಗಿಟ್ಟರು. “ಅದಕ್ಕೆ ನಾನೇನು ಮಾಡ್ಲಿ ತಾಯಿ,” ಎಂದರು. “ಅಷ್ಟು ದೂರ ನನ್ನ ಮಾತು ಮುಟ್ಟಾದಿಲ್ಲ. ನೀನು ಮುಟ್ಟಿಸಿ ಬಂದೀಯ.”

ಕುಲದ ಹಿರಿಯರು ಮೂರನೇ ದಿನ ಬಂದರು. ಸಮುದ್ರ ದಾಟಿದ್ದಾಳೆ, ಕಂಡವರ ಮನೆಯಲ್ಲಿ ಉಂಡಿದ್ದಾಳೆ, ಶುದ್ಧಿಯಾಗಬೇಕು ಅಂದರು. ತೀರ್ಥ, ತಲೆ ಮೇಲೆ ನೀರು, ಹಿರಿಯರ ಕಾಲಿಗೆ ಬೀಳುವುದು. ಅವರಲ್ಲೊಬ್ಬ ಮುದುಕ, “ಏನೇ ಆಗ್ಲಮ್ಮ, ಆಯಮ್ಮ ನಿಂಗೆ ಅನ್ನ ಹಾಕಿದ್ಲು. ಹಂಗೆ ಎದುರು ಮಾತಾಡಿ ಬರಬಾರ್ದಿತ್ತು,” ಎಂದ.

ಅಷ್ಟು ದೂರದಿಂದ ಬಂದದ್ದು ಇದನ್ನು ಕೇಳಲಿಕ್ಕೆ. “ತಾತ, ನಾನು ಹೊಲಸು ಏನೂ ಮಾಡಿಲ್ಲ. ಕಾಲಿಗೆ ಬೀಳಾದಿಲ್ಲ,” ಅಂದೆ. ಅಪ್ಪ ಮಗ್ಗದ ಕುಣಿಯಿಂದ ಮೇಲೇಳದೆ, “ಅವಳು ಹೇಳಿದ್ಲಲ್ಲ,” ಎಂದಷ್ಟೇ ಹೇಳಿ ಲಾಳಿ ಎಸೆದರು.

ಎರಡು ವರ್ಷ ನಮ್ಮ ಮನೆಯ ನೀರನ್ನು ಕುಲದವರು ಯಾರೂ ಕುಡಿಯಲಿಲ್ಲ. ಮದುವೆಗೆ ಕರೆ ಬರಲಿಲ್ಲ. ಅಪ್ಪ ಅದನ್ನೂ ಕೇಳಿಸಿಕೊಂಡರು. ನಾನು ಮತ್ತೆ ಮಗ್ಗದ ಆ ಪಕ್ಕ ಕೂತೆ, ಹಗಲಿಡೀ ನೇಯ್ದೆವು. ಮೂರನೇ ವರ್ಷ ಅದೇ ಮುದುಕನ ಮೊಮ್ಮಗಳ ಮದುವೆ ಗೊತ್ತಾಯಿತು. ಗಂಡಿನವರು ಅಂಚಿನಲ್ಲಿ ಆನೆ ಗಿಳಿ ಎರಡೂ ಇರುವ ಸೀರೆ ಬೇಕೆಂದರಂತೆ. ಊರಿನಲ್ಲಿ ಅಂಥದ್ದು ನೇಯುವ ಕೈ ಆಗ ನಮ್ಮ ಮನೆಯಲ್ಲಷ್ಟೇ ಇತ್ತು. ಮುದುಕ ಸುಡು ಬಿಸಿಲಿನಲ್ಲಿ ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದ. ಜಗುಲಿಯಲ್ಲಿ ಕೂತ. ಅವ್ವ ಒಳಗಿನಿಂದ ನೋಡಿ, ನನ್ನ ಕೈಗೇ ಚೊಂಬು ಕೊಟ್ಟಳು. ತಂದಿಟ್ಟೆ. ಮುದುಕ ಒಮ್ಮೆ ಚೊಂಬು ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಎತ್ತಿ ಗಟಗಟ ಕುಡಿದ. ಅವನ ಮನೆಯವರೂ ಕುಡಿದರು. ಶುದ್ಧಿಯ ಮಾತನ್ನು ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಯಾರೂ ಅನ್ನಲಿಲ್ಲ.

ಸೀರೆಯನ್ನು ನೇಯ್ದುಕೊಟ್ಟೆವು. ಮದುವೆಗೆ ಕರೆದರು. ಅಪ್ಪ ಹೋದರು. ನಾನು ಹೋಗಲಿಲ್ಲ.